ನಮ್ಮಪ್ಪ ವಿಲನ್ ಆದ ಹದಿನೆಂಟು ದಿನ!

ವಜ್ರಮುನಿಯವರು ತೆರೆಯ ಮೇಲೆ ಕಾಲಿಟ್ಟರೆ ಸಾಕು, ಗಾಂಧಿಕ್ಲಾಸಿನಲ್ಲಿ ಕಡಲೆಕಾಯಿ ಬಿಡಿಸುತ್ತಿದ್ದ ಹುಡುಗನಿಗೂ ಗೊತ್ತಾಗುತ್ತಿತ್ತು, ಇವರೇ ವಿಲನ್ ಅಂತ. ಆ ಕಣ್ಣು! ಆ ಕಂಠ! ಮೋಸ ಮಾಡಲು ಬಂದವನು ಮೋಸಗಾರನ ವೇಷದಲ್ಲೇ ಬರುತ್ತಿದ್ದ. ಅದೂ ಒಂದು ಮರ್ಯಾದೆ ತಾನೆ? ಆದರೆ ನಾನೀಗ ಹೇಳಹೊರಟಿರುವ ಕಥೆಯಲ್ಲಿ ವಿಲನ್ ಹೀರೋ ಮೇಕಪ್ಪಿನಲ್ಲಿ ಬಂದ. ಬಂದವನು ತನ್ನ ಕೆಲಸ ಮುಗಿಸಿಕೊಂಡು ಜಾಗ ಖಾಲಿ ಮಾಡಿದ. ಕೊನೆಯ ಸೀನಿನ ಪೊಲೀಸಿನವರ ಹಾಗೆ ತಡವಾಗಿ ಓಡಿಬಂದ ನಾನು ಹಿಡಿದದ್ದು ಯಾರನ್ನು ಗೊತ್ತೆ? ನಮ್ಮಪ್ಪನನ್ನು!

ಅಪ್ಪ ಸಿನಿಮಾ ಮನುಷ್ಯ. ತೆರೆಯ ಮೇಲೆ ಕುಣಿದವರಲ್ಲ, ತೆರೆಯ ಮುಂದೆ ಶಿಳ್ಳೆ ಹೊಡೆದವರೂ ಅಲ್ಲ. ಹಿಂದುಗಡೆ ಕಿಂಡಿಯ ಹತ್ತಿರ ನಿಂತವರು. ಅರಸೀಕೆರೆ ಸೀಮೆಯ ಹಳ್ಳಿಗಳಲ್ಲಿ ಡೇರೆ ಹಾಕುತ್ತಿದ್ದ ಒಂದು ಟೂರಿಂಗ್ ಟಾಕೀಸಿನಲ್ಲಿ ಮೊದಲು ರೀಲು ಸುತ್ತುವ ಹುಡುಗ, ಆಮೇಲೆ ಆಪರೇಟರ್. ಕಾರ್ಬನ್ ಕಡ್ಡಿ ಉರಿಸಿ ಬೆಳಕು ಮಾಡುತ್ತಿದ್ದ ಕಾಲ ಅದು. ಇದ್ದದ್ದು ಒಂದೇ ಪ್ರೊಜೆಕ್ಟರ್. ರೀಲು ಮುಗಿದಾಗಲೆಲ್ಲ ದೀಪ ಹಾಕಿ ಇನ್ನೊಂದು ರೀಲು ಏರಿಸಬೇಕು. ಆ ಸಂದಿಯಲ್ಲಿ ಗಾಜಿನ ಸ್ಲೈಡು ಹಾಕುತ್ತಿದ್ದರಂತೆ. ಪೇಟೆಯ ಬಟ್ಟೆ ಅಂಗಡಿ, ಬೀಡಿ, ಹಲ್ಲುಪುಡಿ, 'ಧೂಮಪಾನ ನಿಷೇಧಿಸಿದೆ', ಇಷ್ಟೆ. ನೋಡುವವರು ನೋಡುತ್ತಿದ್ದರು, ಉಳಿದವರು ಎದ್ದು ಹೊರಗೆ ಹೋಗಿ ಬೀಡಿ ಸೇದಿ ಬರುತ್ತಿದ್ದರು. (ಧೂಮಪಾನ ನಿಷೇಧದ ಸ್ಲೈಡು ಬಿದ್ದಾಗಲೇ ಎಲ್ಲರಿಗೂ ಬೀಡಿಯ ನೆನಪಾಗುತ್ತಿತ್ತು ಅಂತ ಅಪ್ಪ ನಗುತ್ತಾರೆ.)

ಡೇರೆಗಳು ಹೋದವು. ಅಪ್ಪ ಪೇಟೆಯ ಖಾಯಂ ಥಿಯೇಟರು ಸೇರಿದರು. ರೀಲೂ ಹೋಯಿತು. ಥಿಯೇಟರು ಈಗ ಗೊಬ್ಬರದ ಗೋಡೌನು. ನಮ್ಮಮ್ಮ ತೀರಿಕೊಂಡ ಮೇಲೆ ಅಪ್ಪ ಅದೇ ಪೇಟೆಯ ಹಳೇ ಮನೆಯಲ್ಲಿ ಒಬ್ಬರೇ. ಎರಡು ಬೀದಿ ಆಚೆ ಅಕ್ಕನ ಮನೆ. ಊಟ ಅಲ್ಲಿಂದ ಬರುತ್ತದೆ. ಊಟದ ಡಬ್ಬಿ ಹಿಡಿದು ಬರುವವಳು ಅಕ್ಕನ ಮಗಳು ಪುಟ್ಟಿ, ಒಂಬತ್ತು ವರ್ಷ. ತಾತ ಮೊಮ್ಮಗಳು ಸೇರಿದರೆ ಮುಗಿಯಿತು, ಡಬ್ಬಿ ವಾಪಸ್ಸು ಹೋಗುವುದು ಕತ್ತಲಾದ ಮೇಲೆಯೇ.

ನಾನು ಬೆಂಗಳೂರಿನಲ್ಲಿ ಫ್ಲೆಕ್ಸ್ ಅಂಗಡಿಯಲ್ಲಿ ಡಿಸೈನರ್. ನಿಮ್ಮ ನೆಚ್ಚಿನ ನಟರ ಹುಟ್ಟುಹಬ್ಬಕ್ಕೆ ನೀವು ಸರ್ಕಲ್ಲಿನಲ್ಲಿ ಕಟ್ಟಿಸುತ್ತೀರಲ್ಲ, ಹಿಂದೆ ಹುಲಿ, ಮುಂದೆ ಬೆಂಕಿ, ಕೆಳಗೆ ನಿಮ್ಮ ಇಪ್ಪತ್ತು ಜನರ ಪಾಸ್‌ಪೋರ್ಟ್ ಸೈಜಿನ ಮುಖಗಳು, ಆ ಬೆಂಕಿ ಹಚ್ಚುವ ಕೆಲಸ ನನ್ನದು. ಸಂಬಳ ಏರಿದಾಗ ನನ್ನ ಹಳೆಯ ಮೊಬೈಲನ್ನು ಅಪ್ಪನಿಗೆ ಕೊಟ್ಟಿದ್ದೆ.

2025ರ ಜೂನ್‌ನಲ್ಲಿ ಒಂದು ದಿನ ಅಪ್ಪನ ಫೋನು. "ಲೋ, 'ಭೂತಯ್ಯನ ಮಗ ಅಯ್ಯು' ಇದರಲ್ಲಿ ಬರುತ್ತೇನೋ? ಲೋಕನಾಥು ಉಪ್ಪಿನಕಾಯಿ ತಿನ್ನೋ ಸೀನು ಒಂದ್ಸಲ ನೋಡಬೇಕು ಕಣೋ. ಪುಟ್ಟಿಗೂ ತೋರಿಸಬೇಕು."

ಗೊತ್ತಲ್ಲ ಗೆಳೆಯರೇ, 1974ರ ಚಿತ್ರ. ಸಿದ್ಧಲಿಂಗಯ್ಯನವರ ನಿರ್ದೇಶನ, ಕಥೆ ನಮ್ಮ ಹಾಸನ ಜಿಲ್ಲೆಯ ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರದು. ವಿಷ್ಣುವರ್ಧನ್, ಲೋಕೇಶ್, ಎಂ.ಪಿ. ಶಂಕರ್ ಎಲ್ಲರೂ ಇದ್ದೂ ಜನ ಇವತ್ತಿಗೂ ಕೇಳುವುದು ಆ ಉಪ್ಪಿನಕಾಯಿಯನ್ನೇ! ಆ ಪ್ರಿಂಟು ಊರೂರು ಸುತ್ತಿ, ಮೈತುಂಬ ಗೀರು ಬಿದ್ದು ಡೇರೆಗೆ ಬಂದಾಗ ಅಪ್ಪನಿಗೆ ಮೀಸೆ ಮೂಡುವ ವಯಸ್ಸು. ಆ ಒಂದು ಸೀನಿಗೆ ನೆಲದವರು 'ಒನ್ಸ್ ಮೋರ್' ಎಂದು ಕೂಗಿ, ಅಪ್ಪ ರೀಲು ಹಿಂದಕ್ಕೆ ಸುತ್ತಿ ಮತ್ತೆ ಬಿಟ್ಟಿದ್ದರಂತೆ. ಮಾಲೀಕರಿಂದ ಬೈಸಿಕೊಂಡಿದ್ದರಂತೆ. ಅದು ಅಪ್ಪನ ಜೀವನದ ನೂರನೇ ದಿನದ ಸಮಾರಂಭ ಅನ್ನಿ.

ಅಂಥ ಅಪ್ಪ ಒಂದು ಪಿಕ್ಚರ್ ಕೇಳಿದರೆ ಮಗನಾದವನು ಏನು ಮಾಡಬೇಕು? ಐದು ನಿಮಿಷ ಕೂತು ಸರಿಯಾದ್ದನ್ನು ಹುಡುಕಬೇಕು. ನಾನು ಮಾಡಿದ್ದೇನು? ಅವತ್ತು ಆರ್ಡರುಗಳ ರಾಶಿ. ಹೆಸರು ಟೈಪ್ ಮಾಡಿದೆ, 'ಫುಲ್ ಮೂವಿ ಫ್ರೀ' ಅಂತ ಸೇರಿಸಿದೆ, ಸಿಕ್ಕ ಲಿಂಕನ್ನು ತೆರೆದೂ ನೋಡದೆ ಅಪ್ಪನಿಗೆ ವಾಟ್ಸಾಪ್ ಮಾಡಿದೆ. "ಒತ್ತಿ ನೋಡಪ್ಪ" ಅಂತ ಕೆಳಗೆ ಬರೆದೆ. ಮುಗಿಯಿತು, ಮರೆತೆ.

ಹತ್ತು ದಿನ ಕಳೆದಿರಬೇಕು. ರಾತ್ರಿ ಹತ್ತು ಗಂಟೆಗೆ ಅಕ್ಕನ ಫೋನು. ದನಿ ಸಣ್ಣಗೆ, ಬಾಗಿಲ ಹಿಂದೆ ನಿಂತು ಮಾತಾಡುವವಳ ಹಾಗೆ.

"ಅಪ್ಪನಿಗೆ ಏನೋ ಆಗಿದೆ ಕಣೋ..."

ನನ್ನ ಎದೆ ಧಸಕ್ಕೆಂದಿತು. ಹಾರ್ಟಾ? ಬಿದ್ದರಾ?

"ಹಂಗಲ್ಲ. ಹೆಂಗೆ ಹೇಳಲಿ... ಪುಟ್ಟಿ ಇವತ್ತು ತಾತನ ಮೊಬೈಲು ಇಸ್ಕೊಂಡು ಆಟ ಆಡ್ತಿದ್ಲು. ಅದರಲ್ಲಿ ಫೋಟೋ ಬಂತು. ಬಟ್ಟೆ ಇಲ್ಲದ ಹೆಂಗಸು ಕಣೋ! 'ನಿಮ್ಮಿಂದ ಎರಡು ಕಿಲೋಮೀಟರ್ ದೂರದಲ್ಲಿ ಕಾಯ್ತಿದಾಳೆ' ಅಂತ ಬರೆದಿತ್ತು. ಮಗು ಅದನ್ನ ತಾತನಿಗೇ ತೋರಿಸಿ, ತಾತ ಈ ಅಕ್ಕ ಯಾರು ಅಂತ ಕೇಳಿದೆ. ನಿಮ್ಮ ಭಾವ ಅಲ್ಲೇ ಇದ್ರು. ನಾನು ಭೂಮಿಗೆ ಇಳಿದು ಹೋದೆ."

ಗೆಳೆಯರೇ, ಇಲ್ಲಿ ನಾನೊಂದು ಮಾತು ಒಪ್ಪಿಕೊಳ್ಳಬೇಕು. ಅಪ್ಪನ ಪರವಾಗಿ ಒಂದು ಕ್ಷಣ ಕೂಡ ನನ್ನ ಮನಸ್ಸು ನಿಲ್ಲಲಿಲ್ಲ. ಒಬ್ಬರೇ ಇರುವ ಗಂಡಸು, ಕೈಯಲ್ಲಿ ಮೊಬೈಲು, ಹೀಗೇ ಲೆಕ್ಕ ಹಾಕಿದೆ. ಯಾಕೆಂದರೆ ನನ್ನ ಮೊಬೈಲಿನಲ್ಲಿ ನಾನೇನು ನೋಡುತ್ತೇನೆ ಎಂಬುದು ನನಗೆ ಗೊತ್ತು. ಕಳ್ಳನಿಗೆ ಎಲ್ಲರೂ ಕಳ್ಳರೇ.

ಕೂಡಲೇ ಅಪ್ಪನಿಗೆ ಫೋನು ಹಚ್ಚಿದೆ. ಏನು ಬೈದೆ ಎಂದು ಇಲ್ಲಿ ಪೂರ್ತಿ ಬರೆಯಲಾರೆ. "ಈ ವಯಸ್ಸಲ್ಲಿ ಏನಪ್ಪಾ ಇದು? ಮಗು ಮುಂದೆ? ಅಮ್ಮ ಇದ್ದಿದ್ರೆ ಏನಂದ್ಕೊಳ್ಳೋಳು?" ಎಂದದ್ದು ನೆನಪಿದೆ. ಅಮ್ಮನ ಹೆಸರು ಎತ್ತಬಾರದಿತ್ತು.

ಆ ಕಡೆಯಿಂದ ಬಹಳ ಹೊತ್ತು ಮಾತಿಲ್ಲ. ಆಮೇಲೆ ಒಂದೇ ಒಂದು ಡೈಲಾಗು. "ನಾನು ಏನೂ ಒತ್ತಿಲ್ಲ ಕಣೋ."

ನಾನು ಫೋನಿಟ್ಟೆ.

ಅಲ್ಲಿಂದ ಹದಿನೆಂಟು ದಿನ ಅಪ್ಪನ ಮೊಬೈಲು ಸ್ವಿಚ್ಡ್ ಆಫ್. ಊಟದ ಡಬ್ಬಿ ಹೋಗುತ್ತಿತ್ತು, ಪುಟ್ಟಿ ಹೋಗುತ್ತಿರಲಿಲ್ಲ. ಭಾವನ ಅಂಗಡಿಯ ಹುಡುಗ ಕೊಟ್ಟು ಬರುತ್ತಿದ್ದ. ಭಾವ ಒರಟರಲ್ಲ. ಆದರೆ ಹೆಣ್ಣುಮಗುವಿನ ಅಪ್ಪ ಅಲ್ಲವೇ, ಅವರು ಬೇರೇನು ಮಾಡಬೇಕಿತ್ತು? 'ಕಳುಹಿಸಬೇಡ' ಎಂದು ಅವರು ಬಾಯಿಬಿಟ್ಟು ಹೇಳಲೂ ಇಲ್ಲವಂತೆ. ಅಕ್ಕನೂ ಕಳುಹಿಸಲಿಲ್ಲ.

ಹತ್ತೊಂಬತ್ತನೇ ದಿನ ಭಾನುವಾರ ಊರಿಗೆ ಹೋದೆ. ಅಪ್ಪ ಜಗಲಿಯ ಮೇಲೆ ಕೂತಿದ್ದರು. "ಬಾ" ಅಂದರು. ಮುಖ ನೋಡಲಿಲ್ಲ. ನಾನೂ ನೋಡಲಿಲ್ಲ. "ಮೊಬೈಲೆಲ್ಲಿ?" ಅಂದೆ. ಒಳಗಿನ ಟ್ರಂಕು ತೋರಿಸಿದರು. ಅಮ್ಮನ ಸೀರೆ, ಅಪ್ಪ ಜೋಪಾನ ಮಾಡಿಟ್ಟಿರುವ ಫಿಲಂ ತುಂಡುಗಳ ಡಬ್ಬಿ, ಎಲ್ಲದರ ಅಡಿಯಲ್ಲಿ, ಹಳೇ ಟವೆಲಿನಲ್ಲಿ ಸುತ್ತಿ ಗಂಟು ಹಾಕಿದ ಮೊಬೈಲು. ಹಾವು ಸತ್ತ ಮೇಲೆ ಸುತ್ತಿ ಇಟ್ಟ ಹಾಗೆ.

ಚಾರ್ಜಿಗೆ ಹಾಕಿ ಆನ್ ಮಾಡಿದೆ. ಕೈಯಲ್ಲಿ ಹಿಡಿಯಲಾಗದಂತೆ ಗಡಗಡ ನಡುಗತೊಡಗಿತು! ಟಣ್, ಟಣ್, ಟಣ್... ಒಂದರ ಮೇಲೊಂದು. 'ನಿಮ್ಮ ಫೋನಿಗೆ 13 ವೈರಸ್!' 'ನಿಮ್ಮ ಬ್ಯಾಟರಿ ಹಾಳಾಗಿದೆ!' '5 ನಿಮಿಷದಲ್ಲಿ ಸಾಲ!' 'ನೀವು ಕಾರು ಗೆದ್ದಿದ್ದೀರಿ!' ಅವುಗಳ ನಡುನಡುವೆ ಆ ಹೆಂಗಸರ ಚಿತ್ರಗಳು. ನನ್ನ ಹುಬ್ಬು ಗಂಟಿಕ್ಕಿತು. ಮನುಷ್ಯ ಒಬ್ಬ ಕದ್ದು ನೋಡುವುದಾದರೆ ವೈರಸ್ಸನ್ನೂ ಬ್ಯಾಟರಿಯನ್ನೂ ಸಾಲವನ್ನೂ ಜೊತೆಗಿಟ್ಟುಕೊಂಡು ಯಾಕೆ ನೋಡುತ್ತಾನೆ? ಕಣ್ಣು ಕಿರಿದು ಮಾಡಿ ನೋಡಿದೆ. ಪ್ರತಿಯೊಂದು ಮೆಸೇಜಿನಲ್ಲೂ ಇರುವೆ ಗಾತ್ರದ ಅಕ್ಷರದಲ್ಲಿ ಒಂದೇ ವಿಳಾಸ. ಎಲ್ಲೋ ನೋಡಿದ ವಿಳಾಸ...

ವಾಟ್ಸಾಪ್ ತೆರೆದೆ. ನಾನೇ ಕಳಿಸಿದ ಲಿಂಕು. ಕೆಳಗೆ ನನ್ನದೇ ಡೈಲಾಗು: "ಒತ್ತಿ ನೋಡಪ್ಪ."

ಅಪ್ಪನ ಪಕ್ಕದಲ್ಲಿ ಹೋಗಿ ಕೂತೆ. ಅವತ್ತು ಏನಾಯಿತು ಹೇಳು ಅಂದೆ. ಅಪ್ಪ ನಿಧಾನವಾಗಿ ಹೇಳಿದರು. ಲಿಂಕು ಒತ್ತಿದರಂತೆ. ಭೂತಯ್ಯನ ಪೋಸ್ಟರು ಬಂತಂತೆ, ನಡುವೆ ದೊಡ್ಡ ಪ್ಲೇ ಬಟನ್ನು. ಒತ್ತಿದರೆ ಬೇರೆ ಯಾವುದೋ ಪುಟ. ವಾಪಸ್ ಬರಲು ಹೋದರೆ ಮತ್ತೆ ಅದೇ ಪುಟ. ಹೇಗೋ ಹಿಂದಕ್ಕೆ ಬಂದಾಗ ಒಂದು ಚೌಕಾಕಾರದ ಪೆಟ್ಟಿಗೆ, ಅದರಲ್ಲಿ ಇಂಗ್ಲಿಷಿನಲ್ಲಿ ಎರಡು ಪದ. "ಒಂದು ನೀಲಿ ಬಣ್ಣ ಇತ್ತು. ಟಿಕೆಟ್ ಕೊಡೋ ಕಿಟಕಿ ಅಂದ್ಕೊಂಡು ಒತ್ತಿದೆ. ಪಿಕ್ಚರ್ ಬರಲಿಲ್ಲ. ನಾನೂ ಬಿಟ್ಟೆ. ಮಾರನೇ ದಿನದಿಂದ ಶುರುವಾಯ್ತು ಕಣೋ."

ಆ ನೀಲಿ ಪದ 'ಅಲೋ'. ಅನುಮತಿ ಕೊಡುತ್ತೇನೆ ಎಂದು ಅರ್ಥ. ಯಾವುದಕ್ಕೆ ಅನುಮತಿ? ಆ ಸೈಟು ಇನ್ನು ಮೇಲೆ ಯಾವ ಹೊತ್ತಿನಲ್ಲಿ ಬೇಕಾದರೂ ಮೊಬೈಲಿಗೆ ನೇರವಾಗಿ ಮೆಸೇಜು ಕಳಿಸಲು! ಪುಟ ಮುಚ್ಚಿದರೂ ಸರಿ, ಮತ್ತೆಂದೂ ತೆರೆಯದಿದ್ದರೂ ಸರಿ. ಎಷ್ಟೋ ಕಡೆ 'ನೀವು ರೋಬೋಟ್ ಅಲ್ಲವೆಂದು ತೋರಿಸಲು ಅಲೋ ಒತ್ತಿ' ಅಂತ ಬೇರೆ ಬರೆದಿರುತ್ತಾರೆ. ಶುದ್ಧ ಸುಳ್ಳು. ಇನ್ನು ಆ ಪ್ಲೇ ಬಟನ್ನಿದೆಯಲ್ಲ, ಅದು ಬಟನ್ನೇ ಅಲ್ಲ. ಇಂಥ ಸೈಟುಗಳು ಪುಟದ ಮೇಲೆ ಕಣ್ಣಿಗೆ ಕಾಣದ ಗಾಜಿನಂಥ ಪದರ ಹಾಸಿರುತ್ತವೆ. ಎಲ್ಲಿ ಒತ್ತಿದರೂ ಅವರ ಜಾಹೀರಾತೇ ತೆರೆಯುತ್ತದೆ. ಮೂಲೆಯ ಇಂಟು ಮಾರ್ಕು ಕೂಡ ಎಷ್ಟೋ ಸಲ ಬರೀ ಚಿತ್ರ. ಮುಚ್ಚಲು ಒತ್ತಿದರೆ ತೆರೆಯುತ್ತದೆ! ಡಿಸೈನರ್ ಆದ ನನಗೆ ಇದು ಅರ್ಥವಾಗಲು ಎರಡು ನಿಮಿಷ ಬೇಕಾಗಲಿಲ್ಲ. ಒಂದು ಸಲ ಗಿರಾಕಿಯೊಬ್ಬ ಬಂದು ಕರಪತ್ರವನ್ನು ಐನೂರರ ನೋಟಿನ ಹಾಗೆ ಡಿಸೈನ್ ಮಾಡಿಕೊಡಿ, ಬೀದಿಯಲ್ಲಿ ಬಿದ್ದಿದ್ದರೆ ಜನ ಬಗ್ಗಿ ಎತ್ತಿಕೊಳ್ಳುತ್ತಾರೆ ಅಂದಿದ್ದ. ಮಾಡಿಕೊಟ್ಟಿದ್ದೆ. ಐಡಿಯಾ ಚೆನ್ನಾಗಿದೆ ಎಂದು ಹೊಗಳಿಯೂ ಇದ್ದೆ.

ಇಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಅಪ್ಪ ಇನ್ನೊಂದು ಸಂಗತಿ ಹೇಳಿದರು. ಮೆಸೇಜು ಶುರುವಾದ ನಾಲ್ಕನೇ ದಿನ, ಅಂದರೆ ಪುಟ್ಟಿಯ ಪ್ರಸಂಗಕ್ಕೂ ಮೊದಲೇ, ವೈರಸ್ಸಿನ ಹೆದರಿಕೆಗೆ ಪೇಟೆಯ ಒಂದು ಮೊಬೈಲ್ ಅಂಗಡಿಗೆ ಹೋಗಿದ್ದರಂತೆ. ಅಂಗಡಿಯವನು ಫೋನು ನೋಡಿದ, ಅಪ್ಪನ ಮುಖ ನೋಡಿದ, ಪಕ್ಕದವನಿಗೆ ಕಣ್ಣು ಹೊಡೆದ. "ಯಜಮಾನ್ರೇ, ಇಂಥವೆಲ್ಲಾ ನೋಡಬಾರದು" ಅಂದ. ಅಲ್ಲಿದ್ದ ನಾಲ್ಕು ಹುಡುಗರು ನಕ್ಕರು. ಮುನ್ನೂರು ರೂಪಾಯಿ ಇಸಿದುಕೊಂಡು, ಬಂದಿದ್ದ ಮೆಸೇಜುಗಳನ್ನು ಅಳಿಸಿ ಕೊಟ್ಟ. ಮೂಲ ಹಾಗೇ ಇತ್ತು, ಸಂಜೆಗೆ ಮತ್ತೆ ಟಣ್ ಅಂದಿತು. ಅಪ್ಪ ಮತ್ತೆ ಅಂಗಡಿಗೆ ಹೋಗಲಿಲ್ಲ. ಯಾರಿಗೂ ಹೇಳಲೂ ಇಲ್ಲ. "ಹೇಳಿದ್ರೆ ನಂಬೋರು ಯಾರು?" ಅಂದರು. ನನ್ನ ಕಡೆ ನೋಡಿ ಹೇಳಲಿಲ್ಲ, ಬೀದಿ ನೋಡಿಕೊಂಡು ಹೇಳಿದರು. ಆದರೂ ನನಗೆ ತಾಗಿತು.

ಸರಿಪಡಿಸಲು ಹಿಡಿದ ಸಮಯ ಎಷ್ಟು ಗೊತ್ತೆ? ಒಂದು ಬೀಡಿ ಸೇದಿ ಮುಗಿಸುವಷ್ಟೂ ಇಲ್ಲ. ಕ್ರೋಮ್ ತೆರೆದು ಮೇಲಿನ ಮೂರು ಚುಕ್ಕಿ ಒತ್ತಿದೆ. ಸೆಟ್ಟಿಂಗ್ಸ್, ಅಲ್ಲಿ ಸೈಟ್ ಸೆಟ್ಟಿಂಗ್ಸ್, ಅದರೊಳಗೆ ನೋಟಿಫಿಕೇಶನ್ಸ್. ಅನುಮತಿ ಪಡೆದವರ ಪಟ್ಟಿಯೇ ಅಲ್ಲಿರುತ್ತದೆ. ಆ ಒಂದು ಹೆಸರನ್ನು ಬ್ಲಾಕ್ ಮಾಡಿದೆ. ಯಾವ ಸೈಟೂ ಇನ್ನು ಕೇಳಲೇಬಾರದು ಎಂದು ಮೇಲಿನ ದೊಡ್ಡ ಸ್ವಿಚ್ಚನ್ನೂ ಆರಿಸಿದೆ. ಮೊಬೈಲು ತಣ್ಣಗಾಯಿತು. ಹದಿನೆಂಟು ದಿನದ ಕುರುಕ್ಷೇತ್ರ ಮುಗಿದದ್ದು ಒಂದು ಸ್ವಿಚ್ಚಿನಲ್ಲಿ!

ಹಾಗಾದರೆ ವೈರಸ್? ಇರಲೇ ಇಲ್ಲ. ಬ್ರೌಸರಿನಲ್ಲಿ ತೆರೆದ ಯಾವ ಪುಟಕ್ಕೂ ನಿಮ್ಮ ಮೊಬೈಲಿನ ಒಳಗೆ ಹೊಕ್ಕು 13 ವೈರಸ್ ಎಣಿಸುವ ಶಕ್ತಿ ಇಲ್ಲ. ಬೀದಿಯಲ್ಲಿ ಹೋಗುವವನೊಬ್ಬ ನಿಮ್ಮ ಮನೆಯೊಳಗೆ 13 ಹೆಗ್ಗಣ ಇವೆ ಎಂದು ಕೂಗಿದ ಹಾಗೆ. ಹೆದರಿ ಅವನು ಕೊಡುವ 'ಕ್ಲೀನರ್' ಆ್ಯಪ್ ಹಾಕಿಕೊಂಡಿರೋ, ಆಗ ನಿಜವಾದ ಹೆಗ್ಗಣ ಒಳಗೆ ಬಂದ ಹಾಗೆ. ಆ ಎರಡು ಕಿಲೋಮೀಟರ್ ದೂರದ ಹೆಂಗಸೂ ಅಷ್ಟೆ. ಅದೇ ಚಿತ್ರ ಎಲ್ಲ ಊರಿಗೂ ಹೋಗುತ್ತದೆ, ಎಲ್ಲರಿಗೂ ಅವಳು ಎರಡೇ ಕಿಲೋಮೀಟರು.

ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಈ ಪೀಡೆ ಶುರುವಾದದ್ದೆಲ್ಲಿಂದ ಅಂತ ಹುಡುಕುತ್ತಾ ಕೂತೆ. ಅಂತರ್ಜಾಲದ ಮೊದಲ ಬ್ಯಾನರ್ ಜಾಹೀರಾತುಗಳು ಬಂದದ್ದು 1994ರ ಅಕ್ಟೋಬರ್ 27ರಂದು, ಅಮೆರಿಕದ 'ಹಾಟ್‌ವೈರ್ಡ್' ಎಂಬ ಪತ್ರಿಕೆಯ ತಾಣದಲ್ಲಿ. ಎಟಿ ಅಂಡ್ ಟಿ ಎಂಬ ದೂರವಾಣಿ ಕಂಪೆನಿಯದು ಅವುಗಳಲ್ಲೊಂದು. ಪುಟದ ಮೇಲ್ಗಡೆ ಒಂದು ಪಟ್ಟಿ, ಅಷ್ಟೆ. ನಮ್ಮ ಡೇರೆಯ ಸ್ಲೈಡಿನ ಹಾಗೆ ತನ್ನ ಜಾಗದಲ್ಲಿ ತಾನಿತ್ತು. ಆಮೇಲೆ ಬಂತು ನೋಡಿ, ಓದುತ್ತಿರುವವನ ಮುಖದ ಮೇಲೇ ಧುಮುಕುವ ಪಾಪ್-ಅಪ್. ಅದರ ಕೋಡ್ ಬರೆದವರಲ್ಲಿ ಒಬ್ಬರು ಈಥನ್ ಜುಕರ್‌ಮನ್. 'ಟ್ರೈಪಾಡ್' ಎಂಬ ತಾಣದಲ್ಲಿ ಕೆಲಸಕ್ಕಿದ್ದವರು. ಒಂದು ಕಾರು ಕಂಪೆನಿಯ ಜಾಹೀರಾತು ಯಾರೋ ಬರೆದ ಅಶ್ಲೀಲ ಪುಟದ ಮೇಲೆ ಬಿದ್ದು, ಕಂಪೆನಿಯವರು ಕೂಗಾಡಿದರಂತೆ. ಜಾಹೀರಾತಿಗೂ ಪುಟಕ್ಕೂ ಸಂಬಂಧ ಕಾಣಬಾರದು ಎಂದು ಅದನ್ನು ಬೇರೆ ಕಿಟಕಿಯಲ್ಲಿ ತೆರೆಯುವ ಹಾಗೆ ಮಾಡಿದರು. ನೋಡಿದಿರಾ ತಮಾಷೆ! ಕಂಪೆನಿಯ ಮಾನ ಉಳಿಸಲು ಹುಟ್ಟಿದ ಉಪಾಯ ಬೆಳೆದು ಬೆಳೆದು ಅರಸೀಕೆರೆ ಕಡೆಯ ಮುದುಕರೊಬ್ಬರ ಮಾನ ಕಳೆಯಿತು. ಜುಕರ್‌ಮನ್ 2014ರಲ್ಲಿ 'ದಿ ಅಟ್ಲಾಂಟಿಕ್' ಪತ್ರಿಕೆಯಲ್ಲಿ ಲೇಖನ ಬರೆದು ಲೋಕದ ಕ್ಷಮೆ ಕೇಳಿದ್ದಾರೆ. ನಮ್ಮಪ್ಪನ ಪರವಾಗಿ ನಾನು ಕ್ಷಮಿಸಿದ್ದೇನೆ!

2004ರ ಹೊತ್ತಿಗೆ ಇಂಟರ್ನೆಟ್ ಎಕ್ಸ್‌ಪ್ಲೋರರ್ ಕೂಡ ಪಾಪ್-ಅಪ್‌ಗೆ ಬೇಲಿ ಹಾಕಿತು. ಇವರು ಬಿಡುತ್ತಾರೆಯೇ? 2015ರಲ್ಲಿ ಕ್ರೋಮ್ ಬ್ರೌಸರು, ಸೈಟುಗಳು ಮೊಬೈಲಿಗೆ ನೇರ ಸುದ್ದಿ ಕಳಿಸುವ ಸೌಕರ್ಯ ಕೊಟ್ಟಿತು. ಕ್ರಿಕೆಟ್ ಸ್ಕೋರು, ತಾಜಾ ವಾರ್ತೆ ಬರಲಿ ಎಂದು ಕೊಟ್ಟ ಬಾಗಿಲು ಅದು. ಅದೇ ಬಾಗಿಲಿನಿಂದ ಈ ಹೆಂಗಸರೂ ವೈರಸ್ಸುಗಳೂ ನುಗ್ಗಿಬಂದವು.

ಒಂದು ಮಾತು ಕೇಳಬಹುದು ನೀವು: ಕೊಳಕೆಲ್ಲ ಆ ಸೈಟಿನಲ್ಲೇ ಯಾಕೆ ತುಂಬಿತ್ತು? ಹೆಸರಿರುವ ಕಂಪೆನಿಗಳು ಕಳ್ಳ ಸಿನಿಮಾ ಹಾಕುವ ತಾಣದಲ್ಲಿ ತಮ್ಮ ಸೋಪು, ಶಾಂಪೂ ತೋರಿಸಲು ನಾಚುತ್ತವೆ. ಆದರೆ ಸೈಟಿನವನಿಗೆ ಹೊಟ್ಟೆಪಾಡು ನಡೆಯಬೇಕಲ್ಲ? ನಾಚಿಕೆ ಇಲ್ಲದವರ ಜಾಹೀರಾತು ಹಾಕಿಕೊಳ್ಳುತ್ತಾನೆ. 'ಫ್ರೀ' ಅಂತ ನಾನು ಟೈಪ್ ಮಾಡಿದೆನಲ್ಲ, ಆ ಟಿಕೆಟ್ಟಿನ ದುಡ್ಡು ಕೊಟ್ಟದ್ದು ಅಪ್ಪ. ಇದರಲ್ಲಿ ಇನ್ನೂ ನಾಚಿಕೆಗೇಡಿನ ವಿಷಯ ಒಂದಿದೆ. ಹೇಳಿಬಿಡುತ್ತೇನೆ. ನನ್ನ ನೆಚ್ಚಿನ ಹೀರೋ ಚಿತ್ರ ಬಿಡುಗಡೆಯಾದಾಗ 'ಪೈರಸಿ ಮಾಡುವವರೇ ಎಚ್ಚರಿಕೆ!' ಎಂದು ಥಿಯೇಟರ್ ಮುಂದೆ ಇಪ್ಪತ್ತಡಿ ಫ್ಲೆಕ್ಸ್ ಕಟ್ಟಿದ್ದೆವು. ಡಿಸೈನ್ ನನ್ನದೇ. ಬೆಂಕಿಯೂ ಹಾಕಿದ್ದೆ.

ಜಾಹೀರಾತೇ ಬೇಡ ಎನ್ನುವವನು ನಾನಲ್ಲ. ಜಾಹೀರಾತಿನಿಂದಲೇ ಅನ್ನ ತಿನ್ನುವವನು ಹಾಗೆ ಹೇಳಿದರೆ ಬಾಯಿ ಬಿದ್ದುಹೋದೀತು. ನಮ್ಮ ಸಿನಿಮಾ ವಾರಪತ್ರಿಕೆಗಳ ಹಳೇ ಸಂಚಿಕೆ ತಿರುವಿ ನೋಡಿ. ಬೋಳುತಲೆಗೆ ಎಣ್ಣೆ, ಕುಳ್ಳರಿಗೆ ಎತ್ತರ, ಅಂಕಿಗಳ ಚೌಕ ಬಿಡಿಸಿದವರಿಗೆ ಟ್ರಾನ್ಸಿಸ್ಟರು! ಮಾರನೇ ದಿನ ಇದನ್ನು ಹೇಳಿದಾಗ ಅಪ್ಪ ಮೊದಲ ಸಲ ನಕ್ಕರು. ಟ್ರಾನ್ಸಿಸ್ಟರಿನ ಆಸೆಗೆ ಅವರೂ ಒಮ್ಮೆ ಚೌಕ ಬಿಡಿಸಿ ಕಳಿಸಿದ್ದರಂತೆ. ವಿ.ಪಿ.ಪಿ. ಬಂತು, ದುಡ್ಡು ಕಟ್ಟಿ ಬಿಡಿಸಿಕೊಂಡರು. ಒಳಗೆ ತಗಡಿನ ಆಟದ ರೇಡಿಯೋ! "ನಿಮ್ಮಮ್ಮನಿಗೆ ಇವತ್ತಿನವರೆಗೂ ಹೇಳಿಲ್ಲ" ಅಂದರು. 'ಇವತ್ತಿನವರೆಗೂ' ಅಂದದ್ದು ಅವರೇ ಕೇಳಿಸಿಕೊಂಡು ಸುಮ್ಮನಾದರು. ಆಮೇಲೆ ಅಂದರು, "ಆದ್ರೆ ನೋಡು, ಅದು ಪುಸ್ತಕದಲ್ಲಿತ್ತು, ಪುಸ್ತಕ ಮುಚ್ಚಿದ್ರೆ ಮುಚ್ಕೊಳ್ತಿತ್ತು. ಇದು ಹಿಂದೆಯೇ ಮನೆಗೆ ಬಂತಲ್ಲೋ."

ಅದೇ ನೋಡಿ ನನ್ನ ತಕರಾರು. ಸ್ಲೈಡು ತಾನು ಸ್ಲೈಡು ಎಂದೇ ಬರುತ್ತಿತ್ತು. ಇದು ಟಿಕೆಟ್ ಕೌಂಟರಿನ ವೇಷ ಹಾಕಿ ಬರುತ್ತದೆ. ಇದಕ್ಕೆ ಕಾನೂನಿಲ್ಲವೇ ಎಂದರೆ ಇದೆ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿಯಲ್ಲಿ ಇಂಥ 13 ಕಪಟಗಳ ಪಟ್ಟಿ ಇದೆ. ವೇಷ ಮರೆಸಿದ ಜಾಹೀರಾತು ಅದರಲ್ಲೊಂದು. 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೂ ಅವುಗಳ ಜಾಹೀರಾತನ್ನೂ ನಿಷೇಧಿಸುವ ಕಾಯ್ದೆ ಪಾಸು ಮಾಡಿತು. ದುಡ್ಡೇ ಹೋಗಿದ್ದರೆ 1930ಕ್ಕೆ ಫೋನು ಮಾಡಬೇಕು, ಎಷ್ಟು ಬೇಗ ಮಾಡಿದರೆ ಅಷ್ಟು ಒಳ್ಳೆಯದು. ಆದರೆ ಯಾವ ದೇಶದಲ್ಲಿ ಕೂತಿದ್ದಾನೋ ಗೊತ್ತಿಲ್ಲದ ಸೈಟಿನವನನ್ನು ಹಿಡಿಯುವುದು ನಮ್ಮ ಪೇಟೆಯ ಠಾಣೆಯಿಂದ ಆಗುವ ಮಾತಲ್ಲ. ನಮ್ಮ ಬಾಗಿಲಿಗೆ ನಾವೇ ಚಿಲಕ ಹಾಕಿಕೊಳ್ಳಬೇಕು.

ಹೊರಡುವ ಮುಂಚೆ ಚಿಲಕಗಳನ್ನು ಹಾಕಿದೆ. ಮೊಬೈಲಿನ ಕ್ರೋಮ್‌ಗೆ ಜಾಹೀರಾತು ತಡೆಯುವ ಸಲಕರಣೆ ಜೋಡಿಸಲು ಬರುವುದಿಲ್ಲ. ಫೈರ್‌ಫಾಕ್ಸ್‌ಗೆ ಬರುತ್ತದೆ. ಅದನ್ನು ಹಾಕಿ, ಒಳಗೆ 'ಯುಬ್ಲಾಕ್ ಆರಿಜಿನ್' ಎಂಬ ಪುಕ್ಕಟೆ ಕಾವಲುಗಾರನನ್ನು ಕೂರಿಸಿದೆ. (ಕಂಪ್ಯೂಟರಿನ ಕ್ರೋಮ್‌ನಲ್ಲಿ ಇದೇ ಕಾವಲುಗಾರನಿಗೆ 2024-25ರಲ್ಲಿ ಗೇಟ್‌ಪಾಸ್ ಕೊಟ್ಟರು. ಅಲ್ಲೀಗ ಅವನ ತಮ್ಮ 'ಲೈಟ್' ಇದ್ದಾನೆ, ಸ್ವಲ್ಪ ಸಾಧು.) ಆಂಡ್ರಾಯ್ಡ್ 9ರಿಂದ ಈಚಿನ ಮೊಬೈಲುಗಳ ನೆಟ್‌ವರ್ಕ್ ಸೆಟ್ಟಿಂಗಿನಲ್ಲಿ 'ಪ್ರೈವೇಟ್ ಡಿಎನ್ಎಸ್' ಅಂತ ಇದೆ. ಅಲ್ಲಿ ಆಡ್‌ಗಾರ್ಡ್‌ನವರ ವಿಳಾಸ ತುಂಬಿದೆ. ಜಾಹೀರಾತು ಕಳಿಸುವವರ ವಿಳಾಸವನ್ನೇ ಮೊಬೈಲು ಗುರುತಿಸದಂತೆ ಮಾಡುತ್ತದೆ ಅದು. ಯೂಟ್ಯೂಬಿನ ಜಾಹೀರಾತು ಅದಕ್ಕೆ ಬಗ್ಗುವುದಿಲ್ಲ. ಎಲ್ಲೋ ಒಂದು ಸೈಟು ತೆರೆಯದೆ ಮುಷ್ಕರ ಹೂಡಿದರೆ ಐದು ನಿಮಿಷ ಆರಿಸಿದರಾಯಿತು. ಅಪ್ಪನಿಗೆ ಮಾತ್ರ ಒಂದೇ ಪಾಠ ಕಲಿಸಿದೆ. ಏನಾದರೂ ಮೈಮೇಲೆ ಬಿದ್ದರೆ ಇಂಟು ಮಾರ್ಕು ಹುಡುಕಬೇಡ, ಆ ಕಿಟಕಿಯನ್ನೇ ಪೂರ್ತಿ ತಳ್ಳಿ ಮುಚ್ಚು. "ಕಾರ್ಬನ್ ಆರಿಸಿಬಿಡೋದು" ಅಂದರು. ಪಕ್ಕಾ ಆಪರೇಟರ್!

ಎಲ್ಲಕ್ಕಿಂತ ಕಷ್ಟದ ಕೆಲಸ ಅಕ್ಕನ ಮನೆಯದು. ಮೊಬೈಲು ಹಿಡಿದು ಭಾವನ ಮುಂದೆ ಕೂತೆ. ನನ್ನ ವಾಟ್ಸಾಪ್ ಲಿಂಕು, ತಾರೀಖು, ಮೆಸೇಜಿನಲ್ಲಿರುವ ವಿಳಾಸ, ಎಲ್ಲ ಕೋರ್ಟಿನ ಸೀನಿನ ಹಾಗೆ ಒಂದೊಂದಾಗಿ ತೋರಿಸಿದೆ. ಕೊನೆಯಲ್ಲಿ "ತಪ್ಪಿತಸ್ಥ ನಾನು ಭಾವ" ಅಂದೆ. ಭಾವ ಮಾತಾಡಲಿಲ್ಲ. ಒಳಗೆ ಹೋಗಿ ತಮ್ಮ ಮೊಬೈಲು ತಂದು ನನ್ನ ಕೈಗಿಟ್ಟರು. "ಇದರಲ್ಲೂ ಹಂಗೇ ಏನೋ ಬರುತ್ತೆ. ಸ್ವಲ್ಪ ನೋಡು" ಅಂದರು, ಬಲು ಮೆಲ್ಲಗೆ. ಅಕ್ಕ ಅಡುಗೆಮನೆಯಿಂದ ಇಣುಕಿದಳು. ನಾನೇನೂ ನೋಡದವನ ಹಾಗೆ ನೋಟಿಫಿಕೇಶನ್ಸ್ ಪಟ್ಟಿ ತೆರೆದು ನಾಲ್ಕು ಹೆಸರು ಬ್ಲಾಕ್ ಮಾಡಿ ಕೊಟ್ಟೆ.

ಸಂಜೆ ಡಬ್ಬಿ ಹಿಡಿದು ಪುಟ್ಟಿ ಬಂದಳು. ಬಾಗಿಲಲ್ಲಿ ಒಂದು ಗಳಿಗೆ ನಿಂತಳು. ಅಪ್ಪ "ಬಾರವ್ವ" ಅಂದರು. ಮಕ್ಕಳಿಗೆ ಅಷ್ಟು ಸಾಕು.

ಹಕ್ಕುದಾರರೇ ಹಾಕಿರುವ ಹಳೆಯ ಕನ್ನಡ ಚಿತ್ರಗಳು ಯೂಟ್ಯೂಬಿನಲ್ಲಿ ರಾಶಿ ಇವೆ. ಹುಡುಕಿದರೆ ಭೂತಯ್ಯನೂ ಸಿಕ್ಕ. ಅವತ್ತು ಜೂನ್‌ನಲ್ಲಿ ಇದನ್ನೇ ಮಾಡಿದ್ದರೆ! ನನ್ನ ಲ್ಯಾಪ್‌ಟಾಪನ್ನು ಸ್ಟೂಲಿನ ಮೇಲಿಟ್ಟು ಲೈಟು ಆರಿಸಿದೆವು. ಅಪ್ಪ ಗೋಡೆಗೆ ಒರಗಿ ಕೂತರು, ಪುಟ್ಟಿ ಅವರಿಗೆ ಒರಗಿದಳು. ಟೈಟಲ್ ಬೀಳುವಾಗ ಅಪ್ಪ ಒಂದೊಂದು ಹೆಸರಿಗೂ ತಲೆದೂಗಿದರು. ಇನ್ನೇನು ಉಪ್ಪಿನಕಾಯಿ ಸೀನು ಬರಬೇಕು ಅನ್ನುವಾಗ ತೆರೆಯ ಮೇಲೆ ಯಾವುದೋ ಬಿಸ್ಕತ್ತಿನ ಜಾಹೀರಾತು. ನಾನು ಸ್ಕಿಪ್ ಒತ್ತಲು ದಡಬಡ ಎದ್ದೆ.

ಅಪ್ಪ ನನ್ನ ಕೈ ಹಿಡಿದು ಕೂರಿಸಿದರು. "ಇರಲಿ ಬಿಡೋ. ರೀಲು ಏರಿಸ್ತಾವ್ನೆ."

ಪುಟ್ಟಿ ಕತ್ತಲಲ್ಲೇ ಕೇಳಿದಳು, "ಯಾರು ತಾತ?"